ಅಸಲಿ ನಂಬರ್ ಬದಲು ಟೋಕನ್: ಯಾವ ಕೆಲಸಕ್ಕೆ ಯಾವ ದಾರಿ?

ಕಾರ್ಡ್ ನಂಬರ್, ಫೋನ್ ನಂಬರ್, ಗುರುತಿನ ಚೀಟಿಯ ಸಂಖ್ಯೆ, ರೋಗಿಯ ದಾಖಲೆ ಸಂಖ್ಯೆ. ಇಂಥವನ್ನು ಡೇಟಾಬೇಸ್‌ನಲ್ಲಿ ಇದ್ದ ಹಾಗೇ ಇಡಬಾರದು ಅನ್ನುವುದು ಈಗ ಬಹುಪಾಲು ಎಲ್ಲರಿಗೂ ಗೊತ್ತು. ಗೊಂದಲ ಶುರುವಾಗುವುದು ಅದರ ಮುಂದೆ. ಒಬ್ಬರು ಹ್ಯಾಶ್ ಮಾಡಿ ಎನ್ನುತ್ತಾರೆ, ಇನ್ನೊಬ್ಬರು ಎನ್‌ಕ್ರಿಪ್ಟ್ ಮಾಡಿ ಎನ್ನುತ್ತಾರೆ, ಮತ್ತೊಬ್ಬರು ಟೋಕನ್, ಅಂದರೆ ಅಸಲಿ ನಂಬರ್ ಜಾಗದಲ್ಲಿ ಇಡುವ ಬದಲಿ ಸಂಖ್ಯೆ, ಹಾಕಿ ಎನ್ನುತ್ತಾರೆ. ಕೇಳುವವರಿಗೆ ಎಲ್ಲ ಒಂದೇ ಅನ್ನಿಸಿಬಿಡುತ್ತದೆ. ಆದರೆ ಡೇಟಾ ಕಳವಾದ ದಿನ ಇವುಗಳ ನಡುವಿನ ವ್ಯತ್ಯಾಸ ಎದ್ದು ಕಾಣುತ್ತದೆ. ಅವತ್ತು ತಿಳಿದು ಪ್ರಯೋಜನವಿಲ್ಲ.

ಯಾವುದನ್ನು ಆರಿಸುವುದಕ್ಕೂ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ಅಸಲಿ ನಂಬರ್ ಮುಂದೆ ಯಾರಿಗಾದರೂ ಮತ್ತೆ ಬೇಕಾಗುತ್ತದಾ? ಬೇಕು ಎಂದಾದರೆ ಯಾರಿಗೆ, ಯಾವ ಕೆಲಸಕ್ಕೆ? ಅರ್ಧಕ್ಕರ್ಧ ತೀರ್ಮಾನ ಇಲ್ಲೇ ಆಗಿಬಿಡುತ್ತದೆ. ಯಾರಿಗೂ ಬೇಡ ಅಂತಾದರೆ ಅದನ್ನು ಇಟ್ಟುಕೊಳ್ಳಲೇಬೇಡಿ. ಇಲ್ಲದ ಡೇಟಾವನ್ನು ಯಾರೂ ಕದಿಯಲಾರರು. ಈ ಪ್ರಶ್ನೆಯನ್ನು ಕೇಳದೆ ನೇರವಾಗಿ ಸಾಫ್ಟ್‌ವೇರ್ ಹುಡುಕಲು ಹೊರಡುವ ತಂಡಗಳೇ ಜಾಸ್ತಿ. ಹಾಗಾಗಿ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಬರೀ ಪರದೆಯ ಮೇಲೆ ಮರೆಮಾಡಿದರೆ ಸಾಕಾ?

ಮಾಸ್ಕಿಂಗ್ ಎಲ್ಲಕ್ಕಿಂತ ಸುಲಭ. ಕಾರ್ಡ್‌ನ ಕೊನೆಯ 4 ಅಂಕಿ ಮಾತ್ರ ತೋರಿಸಿ ಉಳಿದದ್ದಕ್ಕೆ ಚುಕ್ಕಿ ಹಾಕುವುದು. ಗ್ರಾಹಕರ ಫೋನ್ ಎತ್ತುವ ಸಿಬ್ಬಂದಿಗೆ ಇಷ್ಟು ಸಾಕು. ಆದರೆ ಇದು ಕಣ್ಣಿಗೆ ಹಾಕಿದ ಪರದೆ, ಅಷ್ಟೇ. ಹಿಂದೆ ಡೇಟಾಬೇಸ್‌ನಲ್ಲಿ ಪೂರ್ತಿ ನಂಬರ್ ಕೂತಿದ್ದರೆ ಕಳ್ಳರಿಗೆ ಸಿಗುವುದು ಪೂರ್ತಿ ನಂಬರೇ. ಅಂಕಿಗಳನ್ನು ನಿಜವಾಗಿಯೂ ಕತ್ತರಿಸಿ, ಕೊನೆಯ 4 ಮಾತ್ರ ಉಳಿಸಿಕೊಂಡರೆ ಅದು ಬೇರೆ ಮಾತು. ಅದು ಗಟ್ಟಿ, ಆದರೆ ವಾಪಸ್ ಬರುವುದಿಲ್ಲ.

ಹ್ಯಾಶ್: ಚಿಕ್ಕ ನಂಬರ್‌ಗೆ ನಂಬಬೇಡಿ

ಹ್ಯಾಶ್ ಅಂದರೆ ನಂಬರನ್ನು ಒಂದು ಲೆಕ್ಕದ ಮೂಲಕ ಗುರುತು ಸಿಗದ ಅಕ್ಷರ-ಅಂಕಿಗಳ ಸಾಲಾಗಿ ಬದಲಿಸುವುದು; ಅದೇ ನಂಬರ್ ಕೊಟ್ಟರೆ ಸದಾ ಅದೇ ಸಾಲು ಬರುತ್ತದೆ. ಇದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಅತಿ ಹೆಚ್ಚು ಜನ ಎಡವುವುದು ಇಲ್ಲೇ. "ಹ್ಯಾಶ್ ಒಮ್ಮುಖ, ಹಿಂದಕ್ಕೆ ತಿರುಗಿಸಲು ಆಗುವುದಿಲ್ಲ" ಅನ್ನುವ ಮಾತು ಎಲ್ಲ ಕಡೆ ಕೇಳಿಬರುತ್ತದೆ. ಗಣಿತದ ಮಟ್ಟಿಗೆ ಅದು ಸರಿ. ಆದರೆ ಕಳ್ಳರು ಹಿಂದಕ್ಕೆ ತಿರುಗಿಸುವ ಗೋಜಿಗೇ ಹೋಗುವುದಿಲ್ಲ. ಸಾಧ್ಯವಿರುವ ಎಲ್ಲ ನಂಬರ್‌ಗಳನ್ನೂ ಒಂದೊಂದಾಗಿ ಹ್ಯಾಶ್ ಮಾಡಿ, ಯಾವುದು ಹೊಂದುತ್ತದೆ ಅಂತ ನೋಡುತ್ತಾರೆ.

ಲೆಕ್ಕ ಹಾಕಿ ನೋಡಿ. ಕಾರ್ಡ್ ನಂಬರ್‌ನಲ್ಲಿ ಸಾಮಾನ್ಯವಾಗಿ 16 ಅಂಕಿ. ಮೊದಲ 6 ಅಂಕಿ ಬ್ಯಾಂಕಿನ ಗುರುತು, ಅದು ಗುಟ್ಟಲ್ಲ. ಕೊನೆಯ 4 ರಸೀದಿಯಲ್ಲೇ ಇರುತ್ತದೆ. ಉಳಿದದ್ದು ನಡುವಿನ 6 ಅಂಕಿ, ಅಂದರೆ 10 ಲಕ್ಷ ಸಾಧ್ಯತೆ. ಕಾರ್ಡ್ ನಂಬರ್‌ಗಳು ಅಂಕಿ ತಪ್ಪಿಲ್ಲ ಎಂದು ಪರೀಕ್ಷಿಸುವ ಲೂನ್ ಲೆಕ್ಕಕ್ಕೂ ತಾಳೆಯಾಗಬೇಕು. ಹಾಗಾಗಿ ಹತ್ತರಲ್ಲಿ ಒಂದು ಮಾತ್ರ ಉಳಿಯುತ್ತದೆ: 1 ಲಕ್ಷ. ಒಂದು ಮಾಮೂಲಿ ಲ್ಯಾಪ್‌ಟಾಪ್ 1 ಲಕ್ಷ ಹ್ಯಾಶ್‌ಗಳನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಮಾಡಿ ಮುಗಿಸುತ್ತದೆ. ಒಂದೇ ಟೇಬಲ್‌ನಲ್ಲಿ ಕತ್ತರಿಸಿದ ನಂಬರನ್ನೂ ಅದರ ಹ್ಯಾಶನ್ನೂ ಅಕ್ಕಪಕ್ಕ ಇಟ್ಟರೆ ಅಸಲಿ ನಂಬರನ್ನು ಇಟ್ಟ ಹಾಗೇ. ಕಾರ್ಡ್ ಉದ್ಯಮದ ಪಿಸಿಐ ಡಿಎಸ್‌ಎಸ್ ನಿಯಮಾವಳಿ ಇದನ್ನೇ ಎಚ್ಚರಿಸುತ್ತದೆ. 2022ರಲ್ಲಿ ಬಂದ ಅದರ 4ನೇ ಆವೃತ್ತಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಕಾರ್ಡ್ ನಂಬರ್‌ಗೆ ಹ್ಯಾಶ್ ಬಳಸುವುದಾದರೆ ಗುಪ್ತ ಕೀ (ಹೊರಗಿನವರಿಗೆ ಗೊತ್ತಿಲ್ಲದ ರಹಸ್ಯ ಸಂಖ್ಯೆ) ಸೇರಿಸಿದ ಹ್ಯಾಶನ್ನೇ ಬಳಸಬೇಕು ಎಂದಿತು. 2025ರ ಮಾರ್ಚ್ 31ರ ನಂತರ ಅದು ಕಡ್ಡಾಯ.

ಇದು ಬರೀ ಪುಸ್ತಕದ ಲೆಕ್ಕವಲ್ಲ. 2014ರಲ್ಲಿ ನ್ಯೂಯಾರ್ಕ್ ನಗರದ ಹಿಂದಿನ ವರ್ಷದ ಟ್ಯಾಕ್ಸಿ ಓಡಾಟದ ದಾಖಲೆಗಳು ಸಾರ್ವಜನಿಕವಾದವು, ಸುಮಾರು 17.3 ಕೋಟಿ ಸವಾರಿಗಳು. ಟ್ಯಾಕ್ಸಿ ನಂಬರ್, ಚಾಲಕರ ಲೈಸೆನ್ಸ್ ನಂಬರ್ ಎರಡನ್ನೂ ಎಂಡಿ5 ಎಂಬ ವಿಧಾನದಲ್ಲಿ ಹ್ಯಾಶ್ ಮಾಡಿದ್ದರು. ಆ ನಂಬರ್‌ಗಳ ಅಚ್ಚು ಎಲ್ಲರಿಗೂ ಗೊತ್ತಿರುವಂಥದ್ದು, ಸಾಧ್ಯತೆಗಳೂ ಕಡಿಮೆ. ಒಬ್ಬ ಎಂಜಿನಿಯರ್ ಕೆಲವೇ ಗಂಟೆಗಳಲ್ಲಿ ಅವನ್ನು ಬಿಡಿಸಿಬಿಟ್ಟರು. ಯಾವ ಚಾಲಕ ಎಲ್ಲಿಂದ ಎಲ್ಲಿಗೆ ಹೋದ, ಎಷ್ಟು ದುಡಿದ ಅನ್ನುವುದೆಲ್ಲ ಬಯಲಿಗೆ ಬಂತು. ಅವತ್ತು ಪ್ರತಿ ನಂಬರ್‌ಗೆ ಬದಲಾಗಿ ಒಂದು ರ‍್ಯಾಂಡಮ್ ಸಂಖ್ಯೆ ಹಾಕಿ, ಜೋಡಿ ಪಟ್ಟಿಯನ್ನು ಅಳಿಸಿದ್ದರೆ ಹೀಗೆ ಲೆಕ್ಕ ಹಾಕಿ ಬಿಡಿಸಲು ಏನೂ ಇರುತ್ತಿರಲಿಲ್ಲ.

ಎನ್‌ಕ್ರಿಪ್ಶನ್, ಮತ್ತು ಅದೇ ಅಚ್ಚಿನ ಎನ್‌ಕ್ರಿಪ್ಶನ್

ಎನ್‌ಕ್ರಿಪ್ಶನ್‌ನಲ್ಲಿ ಒಂದು ಕೀ ಇರುತ್ತದೆ. ಕೀ ಇದ್ದವರಿಗೆ ಅಸಲು ಸಿಗುತ್ತದೆ, ಇಲ್ಲದವರಿಗೆ ಇಲ್ಲ. ದೊಡ್ಡ ಫೈಲ್, ಫೋಟೋ, ವೈದ್ಯರ ಉದ್ದನೆಯ ಟಿಪ್ಪಣಿ, ಬ್ಯಾಕಪ್, ನೆಟ್‌ವರ್ಕ್‌ನಲ್ಲಿ ಹೋಗುವ ಡೇಟಾ ಇವಕ್ಕೆಲ್ಲ ಇದೇ ಸರಿ, ಬೇರೆ ಯೋಚನೆಯೇ ಬೇಡ.

ತೊಡಕು ಇರುವುದು ಚಿಕ್ಕ ಕಾಲಂಗಳಲ್ಲಿ. 16 ಅಂಕಿಯ ಕಾರ್ಡ್ ನಂಬರನ್ನು ಎಇಎಸ್-ಜಿಸಿಎಂ ಎಂಬ ವಿಧಾನದಲ್ಲಿ ಎನ್‌ಕ್ರಿಪ್ಟ್ ಮಾಡಿದರೆ 16 ಬೈಟ್ ಡೇಟಾ, 12 ಬೈಟ್ ನಾನ್ಸ್ (ಪ್ರತಿ ಸಲ ಹೊಸದಾಗಿ ಬಳಸುವ ಸಂಖ್ಯೆ), 16 ಬೈಟ್ ಟ್ಯಾಗ್ (ಯಾರೂ ತಿದ್ದಿಲ್ಲ ಎಂದು ತೋರಿಸುವ ಮುದ್ರೆ) ಸೇರಿ 44 ಬೈಟ್ ಆಗುತ್ತದೆ. ಬೈಟ್‌ಗಳನ್ನು ಅಕ್ಷರಗಳಾಗಿ ಬರೆಯುವ ಬೇಸ್64ಗೆ ಬದಲಿಸಿದರೆ 60 ಅಕ್ಷರ. ಹಳೆಯ ಸಿಸ್ಟಂನಲ್ಲಿ ಆ ಕಾಲಂ 16 ಅಂಕಿಗಳಿಗೆ ಮಾತ್ರ ಮಾಡಿದ್ದು. ಅದನ್ನು ಓದುವ ರಿಪೋರ್ಟ್, ಪ್ರಿಂಟ್, ಬೇರೆ ಕಂಪನಿಗೆ ಹೋಗುವ ಫೈಲ್ ಎಲ್ಲವೂ ಮುರಿದು ಬೀಳುತ್ತವೆ.

ಅದಕ್ಕೆಂದೇ ಅಚ್ಚು ಉಳಿಸುವ ಎನ್‌ಕ್ರಿಪ್ಶನ್ ಬಂತು. 16 ಅಂಕಿ ಕೊಟ್ಟರೆ 16 ಅಂಕಿಯೇ ಹೊರಗೆ. ಮಾನದಂಡಗಳನ್ನು ರೂಪಿಸುವ ಅಮೆರಿಕದ ನಿಸ್ಟ್ ಸಂಸ್ಥೆ 2016ರಲ್ಲಿ ಎಫ್‌ಎಫ್1, ಎಫ್‌ಎಫ್3 ಎಂಬ ಎರಡು ವಿಧಾನಗಳನ್ನು ಒಪ್ಪಿಕೊಂಡಿತು. ಮರುವರ್ಷವೇ, 2017ರಲ್ಲಿ, ಎಫ್‌ಎಫ್3ರಲ್ಲಿ ಬಿರುಕು ಇದೆ ಎಂದು ಸಂಶೋಧಕರು ತೋರಿಸಿದರು. 2019ರ ಪರಿಷ್ಕೃತ ಕರಡು, ಸಾಧ್ಯತೆಗಳು ಕನಿಷ್ಠ 10 ಲಕ್ಷ ಇರಲೇಬೇಕು ಎಂದಿತು. 2025ರ ಫೆಬ್ರವರಿಯ ಕರಡಿನಲ್ಲಿ ಎಫ್‌ಎಫ್3 ಅನ್ನೇ ಕೈಬಿಟ್ಟರು. ಆದ್ದರಿಂದ ಈ ದಾರಿ ಹಿಡಿಯುವುದಾದರೆ ಎಫ್‌ಎಫ್1 ಇದೆಯಾ ಅಂತ ಮಾರುವವರನ್ನು ಕೇಳಿಯೇ ಮುಂದುವರಿಯಿರಿ. 10 ಲಕ್ಷದ ಮಿತಿಯನ್ನೂ ನೆನಪಿಡಿ. ನಾಲ್ಕಂಕಿಯ ಪಿನ್‌ಗೆ ಇದು ಆಗುವುದಿಲ್ಲ. ಹುಟ್ಟಿದ ದಿನಾಂಕಕ್ಕೂ ಆಗುವುದಿಲ್ಲ, ನೂರು ವರ್ಷ ಎಂದರೂ ಸುಮಾರು 36,500 ದಿನಗಳಷ್ಟೇ.

ಕೆಲವು ಕಂಪನಿಗಳು ಇದನ್ನೇ "ವಾಲ್ಟ್ ಇಲ್ಲದ ಟೋಕನೈಸೇಶನ್" ಎಂದು ಮಾರುತ್ತವೆ (ವಾಲ್ಟ್ ಅಂದರೆ ಟೋಕನ್-ನಂಬರ್ ಜೋಡಿಗಳನ್ನು ಬರೆದಿಡುವ ಡೇಟಾಬೇಸ್, ಅದರ ಮಾತು ಮುಂದೆ ಬರುತ್ತದೆ). ಕೊಳ್ಳುವಾಗ ಅರ್ಥ ಮಾಡಿಕೊಳ್ಳಬೇಕಾದದ್ದು ಇಷ್ಟು: ಎಲ್ಲ ಟೋಕನ್‌ಗಳೂ ಒಂದು ಕೀ ಮೇಲೆ ನಿಂತಿವೆ. ಆ ಕೀ ಹೋದರೆ ಎಲ್ಲವೂ ಒಟ್ಟಿಗೆ ಹೋಗುತ್ತದೆ. ಕೀ ಬದಲಿಸಬೇಕು ಎಂದರೆ ಎಲ್ಲ ಟೋಕನ್‌ಗಳನ್ನೂ ಹೊಸದಾಗಿ ಮಾಡಿ, ಅವು ಹೋಗಿ ಸೇರಿರುವ ಪ್ರತಿಯೊಂದು ಟೇಬಲ್‌ನಲ್ಲೂ ಬದಲಿಸಬೇಕು.

ರ‍್ಯಾಂಡಮ್ ಟೋಕನ್ ಮತ್ತು ಅದರ ವಾಲ್ಟ್

ಈಗ ಮುಖ್ಯ ವಿಷಯಕ್ಕೆ ಬರೋಣ. ರ‍್ಯಾಂಡಮ್ ಟೋಕನ್‌ನ ಶಕ್ತಿ ಒಂದೇ ಮಾತಿನಲ್ಲಿದೆ: ಅಸಲಿಗೂ ಟೋಕನ್‌ಗೂ ಗಣಿತದ ಯಾವ ಸಂಬಂಧವೂ ಇಲ್ಲ. ಕೋಟ್ಯಂತರ ಟೋಕನ್‌ಗಳನ್ನು ಕದ್ದೊಯ್ದು, ಎಷ್ಟೇ ದೊಡ್ಡ ಕಂಪ್ಯೂಟರ್ ತಂದರೂ ಅದರಿಂದ ಅಸಲಿ ನಂಬರ್ ತೆಗೆಯಲು ಆಗುವುದಿಲ್ಲ. ಅಸಲಿಗೆ ಹೋಗುವ ದಾರಿ ಒಂದೇ, ವಾಲ್ಟ್. ಅಂದರೆ ಯಾವ ಟೋಕನ್ ಯಾವ ನಂಬರ್‌ಗೆ ಸೇರಿದ್ದು ಎಂದು ಬರೆದಿಟ್ಟ ಪ್ರತ್ಯೇಕ ಡೇಟಾಬೇಸ್. ಚಪ್ಪಲಿ ಬಿಟ್ಟು ಬಿಲ್ಲೆ ತೆಗೆದುಕೊಳ್ಳುತ್ತೀರಲ್ಲ, ಹಾಗೆ. ಬಿಲ್ಲೆಯನ್ನು ಎಷ್ಟು ತಿರುಗಿಸಿ ನೋಡಿದರೂ ಚಪ್ಪಲಿ ಯಾವುದು ಅಂತ ಗೊತ್ತಾಗುವುದಿಲ್ಲ.

ಒಂದು ನಂಬರ್ ಹಿಡಿದು ನೋಡೋಣ. 4111 1111 1111 1111, ಪರೀಕ್ಷೆಗೆ ಎಲ್ಲರೂ ಬಳಸುವ ಕಾರ್ಡ್ ನಂಬರ್. ಲೂನ್ ಲೆಕ್ಕದಲ್ಲಿ ಬಲದಿಂದ ಒಂದು ಬಿಟ್ಟು ಒಂದು ಅಂಕಿಯನ್ನು ಇಮ್ಮಡಿ ಮಾಡಿ, ಎರಡಂಕಿ ಬಂದರೆ ಆ ಎರಡನ್ನೂ ಕೂಡಿ, ಕೊನೆಗೆ ಎಲ್ಲ ಸೇರಿಸಬೇಕು. ಇಲ್ಲಿ ಮೊತ್ತ 30 ಬರುತ್ತದೆ. ಹತ್ತರಿಂದ ಭಾಗವಾಗುತ್ತದೆ, ಸರಿಯಾದ ನಂಬರ್. ಈಗ ಮೊದಲ 6, ಕೊನೆಯ 4 ಉಳಿಸಿ ನಡುವೆ ರ‍್ಯಾಂಡಮ್ ಅಂಕಿ ಹಾಕಿದರೆ 4111 1158 3902 1111 ಅಂತ ಒಂದು ಟೋಕನ್ ಬಂತು ಅನ್ನಿ. ಇದರ ಮೊತ್ತ 47. ಲೂನ್‌ಗೆ ತಾಳೆಯಾಗುವುದಿಲ್ಲ. ಇದು ಬೇಕೆಂದೇ ಮಾಡಬೇಕಾದ ಕೆಲಸ. ಟೋಕನ್ ಲೂನ್‌ಗೆ ತಾಳೆಯಾಗದ ಹಾಗೆ ಆರಿಸಿದರೆ, ನಾಳೆ ಯಾವುದೋ ಫೈಲ್‌ನಲ್ಲಿ 16 ಅಂಕಿ ಕಂಡಾಗ ಇದು ಅಸಲಿಯೋ ಟೋಕನ್ನೋ ಅಂತ ಒಂದೇ ಲೆಕ್ಕದಲ್ಲಿ ತಿಳಿಯುತ್ತದೆ.

ಫೋನ್ ನಂಬರ್‌ಗೆ ಇಂಥ ತಾಳೆ ಲೆಕ್ಕ ಇಲ್ಲ. ಅಲ್ಲಿ ಅಸಲಿಯ ಹಾಗೆ ಕಾಣುವ ಟೋಕನ್ ಮಾಡಿದರೆ ಅದು ಇನ್ಯಾರದೋ ನಿಜವಾದ ನಂಬರ್ ಆಗಿರಬಹುದು. ಟೆಸ್ಟ್ ಸರ್ವರ್‌ನಿಂದ ಹೊರಟ ಮೆಸೇಜ್ ಸಂಬಂಧವೇ ಇಲ್ಲದ ಯಾರಿಗೋ ಹೋಗಿ ಮುಟ್ಟುತ್ತದೆ. ಆದ್ದರಿಂದ ಫೋನ್ ನಂಬರ್‌ಗೆ ಅಕ್ಷರ ಸೇರಿದ ಟೋಕನ್ನೇ ಒಳ್ಳೆಯದು. ಇಮೇಲ್‌ಗೆ .ಇನ್‌ವ್ಯಾಲಿಡ್, .ಎಕ್ಸಾಂಪಲ್ ಥರದ ಡೊಮೈನ್‌ಗಳಿವೆ. ಯಾರೂ ಕೊಳ್ಳಲಾಗದ ಹಾಗೆ 1999ರಲ್ಲೇ ಅವನ್ನು ಮೀಸಲಿಟ್ಟಿದ್ದಾರೆ.

ರ‍್ಯಾಂಡಮ್ ಎಂದ ಮಾತ್ರಕ್ಕೆ ಎಲ್ಲ ರ‍್ಯಾಂಡಮ್ ಒಂದೇ ಅಲ್ಲ. ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಮಾಮೂಲಾಗಿ ಸಿಗುವ ರ‍್ಯಾಂಡಮ್ ಫಂಕ್ಷನ್‌ಗಳು ಆಟಕ್ಕೆ, ಸಿಮ್ಯುಲೇಶನ್‌ಗೆ ಮಾಡಿದವು. ಪೈಥಾನ್‌ನ ರ‍್ಯಾಂಡಮ್ ಮಾಡ್ಯೂಲ್ ಬಳಸುವುದು ಮರ್ಸೆನ್ ಟ್ವಿಸ್ಟರ್ ಎಂಬ ವಿಧಾನ. ಅದರಿಂದ ಸತತವಾಗಿ ಬಂದ 624 ಸಂಖ್ಯೆ ಸಿಕ್ಕರೆ ಮುಂದಿನದನ್ನೆಲ್ಲ ಹೇಳಿಬಿಡಬಹುದು. ಭದ್ರತೆಗೆ ಅದೇ ಪೈಥಾನ್‌ನಲ್ಲಿ ಸೀಕ್ರೆಟ್ಸ್ ಮಾಡ್ಯೂಲ್ ಇದೆ, ಜಾವಾದಲ್ಲಿ ಸೆಕ್ಯೂರ್‌ರ‍್ಯಾಂಡಮ್ ಇದೆ. ಅವನ್ನೇ ಬಳಸಿ. ಯುಯುಐಡಿ, ಅಂದರೆ ಒಂದರಂತೆ ಇನ್ನೊಂದು ಬರದ ಹಾಗೆ ಮಾಡಿದ ಗುರುತಿನ ಸಂಖ್ಯೆ, ಬಳಸುವುದಾದರೆ 4ನೇ ಆವೃತ್ತಿ, ಅದರಲ್ಲಿ 122 ಬಿಟ್ ರ‍್ಯಾಂಡಮ್ ಇರುತ್ತದೆ. 1ನೇ ಆವೃತ್ತಿಯಲ್ಲಿ ಸಮಯ ಅಡಗಿರುತ್ತದೆ, ಮಷೀನ್‌ನ ವಿಳಾಸವೂ ಇರಬಹುದು. ಟೋಕನ್‌ಗೆ ಅದು ಬೇಡ.

ಚಿಕ್ಕ ಟೋಕನ್‌ಗಳಲ್ಲಿ ಡಿಕ್ಕಿಯ, ಅಂದರೆ ಎರಡು ನಂಬರ್‌ಗೆ ಒಂದೇ ಟೋಕನ್ ಬೀಳುವ, ಸಮಸ್ಯೆ ನೀವು ಎಣಿಸಿದ್ದಕ್ಕಿಂತ ಬೇಗ ಬರುತ್ತದೆ. 9 ರ‍್ಯಾಂಡಮ್ ಅಂಕಿ ಎಂದರೆ 100 ಕೋಟಿ ಸಾಧ್ಯತೆ, ಭಾರಿ ದೊಡ್ಡದು ಅನ್ನಿಸುತ್ತದೆ ಅಲ್ವಾ? ಆದರೆ ಸುಮಾರು 37,000 ಟೋಕನ್ ಆಗುವಷ್ಟರಲ್ಲಿ ಯಾವುದೋ ಎರಡು ಒಂದೇ ಆಗಿರುವ ಸಂಭವ ಅರ್ಧದಷ್ಟಾಗುತ್ತದೆ. ಹಾಗಾಗಿ ಟೋಕನ್ ಕಾಲಂಗೆ ಯೂನೀಕ್ ನಿರ್ಬಂಧ (ಒಂದೇ ಟೋಕನ್ ಎರಡು ಸಲ ಬರದಂತೆ ಡೇಟಾಬೇಸ್ ತಡೆಯುವ ನಿಯಮ) ಹಾಕಿ, ಡಿಕ್ಕಿ ಹೊಡೆದರೆ ಮತ್ತೊಂದನ್ನು ತೆಗೆಯುವ ಕೋಡ್ ಬರೆಯಲೇಬೇಕು.

ಇನ್ನು ವಾಲ್ಟ್. ಎಲ್ಲ ಗುಟ್ಟನ್ನೂ ಒಂದೇ ಕಡೆ ಪೇರಿಸಿದ್ದೀರಿ ಅನ್ನುವುದು ಇದರ ಬಲ, ಅದೇ ಇದರ ಅಪಾಯ ಕೂಡ. ನೂರು ಟೇಬಲ್ ಕಾಯುವ ಬದಲು ಒಂದನ್ನು ಕಾದರೆ ಸಾಕು. ಆದರೆ ಆ ಒಂದನ್ನು ನಿಜವಾಗಿಯೂ ಕಾಯಬೇಕು. ವಾಲ್ಟ್ ಒಳಗಿನ ನಂಬರ್‌ಗಳೂ ಎನ್‌ಕ್ರಿಪ್ಟ್ ಆಗಿರಬೇಕು. ಆ ಕೀ ಬದಲಿಸಿದರೂ ಹೊರಗಿನ ಟೋಕನ್‌ಗಳು ಹಾಗೇ ಇರುತ್ತವೆ, ಇದು ದೊಡ್ಡ ಅನುಕೂಲ. ಟೋಕನ್ ಕೊಟ್ಟು ಅಸಲಿ ಕೇಳುವ ಹಕ್ಕು ಬೆರಳೆಣಿಕೆಯ ಸರ್ವಿಸ್‌ಗಳಿಗೆ ಮಾತ್ರ ಇರಲಿ. ಪ್ರತಿ ಸಲ ಯಾರು ಕೇಳಿದರು ಎಂದು ದಾಖಲಾಗಲಿ. ಒಂದೇ ಗಂಟೆಯಲ್ಲಿ ಸಾವಿರಾರು ನಂಬರ್ ಕೇಳಿದರೆ ತಾನಾಗಿ ನಿಲ್ಲುವ ಮಿತಿ ಇರಲಿ. ಈ ಮಿತಿ ಇಲ್ಲದೆ ಹೋದರೆ, ವಾಲ್ಟ್‌ಗೆ ಕನ್ನ ಹಾಕುವ ಅಗತ್ಯವೇ ಕಳ್ಳರಿಗೆ ಇರುವುದಿಲ್ಲ. ಹಕ್ಕಿರುವ ಒಂದು ಸರ್ವಿಸ್ ಕೈಗೆ ಸಿಕ್ಕರೆ ಸಾಕು, ಸುಮ್ನೆ ಒಂದೊಂದಾಗಿ ಕೇಳಿ ತೆಗೆದುಕೊಳ್ಳುತ್ತಾರೆ.

ಇನ್ನೊಂದು ಸೂಕ್ಷ್ಮ. ಒಂದೇ ಕಾರ್ಡ್‌ಗೆ ಒಂದೇ ಟೋಕನ್ ಬೇಕು ಎಂದಿಟ್ಟುಕೊಳ್ಳಿ. ಎರಡು ಸರ್ವರ್‌ಗಳಿಗೆ ಅದೇ ಕಾರ್ಡ್ ಒಂದೇ ಕ್ಷಣದಲ್ಲಿ ಬಂತು. ಎರಡೂ ವಾಲ್ಟ್ ನೋಡಿದವು, ಎರಡಕ್ಕೂ "ಇಲ್ಲ" ಎಂಬ ಉತ್ತರ ಬಂತು, ಎರಡೂ ಹೊಸ ಟೋಕನ್ ಮಾಡಿದವು. ಈಗ ಒಬ್ಬ ಗ್ರಾಹಕ ಇಬ್ಬರಾದ. ಇದನ್ನು ತಡೆಯಲು ಅಸಲಿ ನಂಬರ್‌ನ ಕೀ ಸಹಿತ ಹ್ಯಾಶನ್ನು ವಾಲ್ಟ್ ಒಳಗೆ ಇನ್ನೊಂದು ಕಾಲಂನಲ್ಲಿಟ್ಟು, ಅದಕ್ಕೂ ಯೂನೀಕ್ ನಿರ್ಬಂಧ ಹಾಕುತ್ತಾರೆ. ಎರಡು ಊರುಗಳ ಡೇಟಾ ಸೆಂಟರ್‌ಗಳಲ್ಲಿ ವಾಲ್ಟ್ ಇದ್ದರೆ ಕೆಲಸ ಇನ್ನೂ ಕಷ್ಟ. ವಾಲ್ಟ್ ನಿಂತರೆ ಪಾವತಿ ನಿಲ್ಲುತ್ತದೆ, ವಾಲ್ಟ್ ಕಳೆದರೆ ಡೇಟಾ ಶಾಶ್ವತವಾಗಿ ಹೋಗುತ್ತದೆ. ಇದನ್ನು ನಡೆಸುವ ಜನ ನಿಮ್ಮಲ್ಲಿ ಇಲ್ಲದಿದ್ದರೆ ಸ್ವಂತ ವಾಲ್ಟ್ ಕಟ್ಟಬೇಡಿ ಅನ್ನುವುದು ನನ್ನ ಸ್ಪಷ್ಟ ಅಭಿಪ್ರಾಯ.

ಟೋಕನ್ ಹಾಕಿದರೂ ಜನ ಗುರುತು ಸಿಗುತ್ತಾರೆ

ಒಬ್ಬ ವ್ಯಕ್ತಿಗೆ ಎಲ್ಲ ಕಡೆ ಒಂದೇ ಟೋಕನ್ ಇದ್ದರೆ ಟೇಬಲ್‌ಗಳನ್ನು ಜೋಡಿಸಬಹುದು, ಲೆಕ್ಕಾಚಾರ ಮಾಡಬಹುದು. ಆದರೆ ಆ ವ್ಯಕ್ತಿಯ ಇಡೀ ನಡೆ ಒಂದೇ ದಾರದಲ್ಲಿ ಪೋಣಿಸಿಕೊಂಡು ಬರುತ್ತದೆ. 2006ರಲ್ಲಿ ಅಮೆರಿಕದ ಇಂಟರ್ನೆಟ್ ಕಂಪನಿ ಎಓಎಲ್ ಸುಮಾರು 6.5 ಲಕ್ಷ ಬಳಕೆದಾರರ 2 ಕೋಟಿಯಷ್ಟು ಹುಡುಕಾಟಗಳನ್ನು ಸಂಶೋಧನೆಗೆಂದು ಬಿಡುಗಡೆ ಮಾಡಿತು. ಹೆಸರುಗಳ ಬದಲು ಬರೀ ಸಂಖ್ಯೆಗಳಿದ್ದವು. ಕೆಲವೇ ದಿನಗಳಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಕರ್ತರು ಒಂದು ಸಂಖ್ಯೆಯ ಹಿಂದಿದ್ದ ಮಹಿಳೆಯ ಮನೆ ಬಾಗಿಲಿಗೇ ಹೋದರು. ಆಕೆ ಹುಡುಕಿದ ಊರು, ಹೆಸರುಗಳು, ಕಾಯಿಲೆಗಳೇ ದಾರಿ ತೋರಿಸಿದ್ದವು. ಸಂಖ್ಯೆಯನ್ನು ಬಿಡಿಸುವ ಅಗತ್ಯವೇ ಬರಲಿಲ್ಲ.

ಯುರೋಪಿನ ಡೇಟಾ ರಕ್ಷಣಾ ಕಾನೂನು ಜಿಡಿಪಿಆರ್ ಈ ವಿಷಯದಲ್ಲಿ ನೇರವಾಗಿದೆ. ಬೇರೆ ಕಡೆ ಇಟ್ಟ ಮಾಹಿತಿ ಸೇರಿಸಿದರೆ ವ್ಯಕ್ತಿ ಯಾರೆಂದು ತಿಳಿಯುವ ಹಾಗಿದ್ದರೆ ಅದು ಇನ್ನೂ ವೈಯಕ್ತಿಕ ಡೇಟಾವೇ. ಟೋಕನ್ ಹಾಕಿದ್ದೇವೆ, ಇನ್ನು ಕಾನೂನು ನಮಗೆ ಅನ್ವಯಿಸುವುದಿಲ್ಲ ಎಂದುಕೊಂಡರೆ ತಪ್ಪು.

ಹೀಗಾಗಿ ಬೇರೆ ಬೇರೆ ಕೆಲಸಕ್ಕೆ ಬೇರೆ ಬೇರೆ ಟೋಕನ್ ಕೊಡಿ. ವಿಶ್ಲೇಷಣೆಯ ತಂಡಕ್ಕೆ ಒಂದು, ಜಾಹೀರಾತಿನ ತಂಡಕ್ಕೆ ಇನ್ನೊಂದು. ಎರಡೂ ಪಟ್ಟಿ ಒಬ್ಬರ ಕೈ ಸೇರಿದರೂ ಟೋಕನ್ ಹಿಡಿದು ಜೋಡಿಸಲು ಆಗಬಾರದು. ಇನ್ನು ರಕ್ತದ ಗುಂಪಿನಂಥ ಕಾಲಂಗೆ ಟೋಕನ್ ಹಾಕುವುದರಲ್ಲಿ ಅರ್ಥವಿಲ್ಲ. ಸಾಮಾನ್ಯವಾಗಿ ಬರೆಯುವುದು 8 ಬಗೆ. ಯಾವುದು ಎಷ್ಟು ಸಲ ಬಂದಿದೆ ಅಂತ ಎಣಿಸಿದರೆ ಉತ್ತರ ತಾನಾಗಿ ಸಿಗುತ್ತದೆ. ಅಂಥದ್ದನ್ನು ತೆಗೆದುಬಿಡಿ, ಇಲ್ಲವೇ ನೋಡುವ ಹಕ್ಕನ್ನೇ ಬಿಗಿ ಮಾಡಿ.

ಹಾಗಾದರೆ ನಿಮಗೆ ಯಾವುದು?

ತಿಂಗಳು ತಿಂಗಳು ಅದೇ ಕಾರ್ಡ್‌ನಿಂದ ಹಣ ಪಡೆಯುವ ಚಿಕ್ಕ ಕಂಪನಿ ನಿಮ್ಮದಾದರೆ, ಪಾವತಿ ಗೇಟ್‌ವೇ ಕೊಡುವ ಟೋಕನ್ ಬಳಸಿ. ಅಸಲಿ ನಂಬರ್ ನಿಮ್ಮ ಸರ್ವರ್ ಮುಟ್ಟಲೇಬಾರದು. ಪಿಸಿಐ ಪರಿಶೀಲನೆಯ ವ್ಯಾಪ್ತಿಯೂ ಬಹಳ ಕಿರಿದಾಗುತ್ತದೆ. ಆದರೆ ಸಹಿ ಹಾಕುವ ಮೊದಲು ಒಂದು ಮಾತು ಕೇಳಿ: ನಾಳೆ ನಾವು ಬೇರೆ ಗೇಟ್‌ವೇಗೆ ಹೋದರೆ ಅಸಲಿ ನಂಬರ್‌ಗಳನ್ನು ಸುರಕ್ಷಿತವಾಗಿ ಅವರಿಗೆ ದಾಟಿಸಿ ಕೊಡುತ್ತೀರಾ? ಇಲ್ಲ ಎಂದರೆ ಎಲ್ಲ ಗ್ರಾಹಕರಿಂದಲೂ ಮತ್ತೆ ಕಾರ್ಡ್ ನಂಬರ್ ಕೇಳಬೇಕಾಗುತ್ತದೆ, ಅರ್ಧ ಜನ ವಾಪಸ್ ಬರದೆಯೂ ಇರಬಹುದು. ಉತ್ತರವನ್ನು ಒಪ್ಪಂದದಲ್ಲೇ ಬರೆಸಿಕೊಳ್ಳಿ.

ದೊಡ್ಡ ಸಂಸ್ಥೆ, ಹತ್ತಾರು ಸಿಸ್ಟಂ, ಅಸಲಿ ಬೇಕಾಗುವುದು ಒಂದೆರಡಕ್ಕೆ ಮಾತ್ರ ಎಂದಾದರೆ ರ‍್ಯಾಂಡಮ್ ಟೋಕನ್ ಮತ್ತು ವಾಲ್ಟ್ ಹೇಳಿಮಾಡಿಸಿದ್ದು. ಗ್ರಾಹಕರೊಬ್ಬರು ನನ್ನ ಡೇಟಾ ಅಳಿಸಿ ಎಂದು ಕೇಳಿದಾಗಲೂ ಇದು ಕೈಹಿಡಿಯುತ್ತದೆ. ವಾಲ್ಟ್‌ನ ಒಂದು ಸಾಲು ಅಳಿಸಿದರೆ ಎಲ್ಲ ಕಡೆ ಇರುವ ಆ ಟೋಕನ್‌ನಿಂದ ಅಸಲಿಗೆ ಹೋಗುವ ದಾರಿ ಮುಚ್ಚುತ್ತದೆ. ವಾಲ್ಟ್‌ನ ಹಳೆಯ ಬ್ಯಾಕಪ್‌ಗಳಲ್ಲಿ ಆ ಸಾಲು ಉಳಿದಿರುತ್ತದೆ, ಅವು ಎಂದು ಅಳಿಯುತ್ತವೆ ಎಂಬುದನ್ನೂ ಗೊತ್ತು ಮಾಡಿಕೊಂಡಿರಿ.

ಕಾಲಂ ಅಗಲ ಬದಲಿಸಲಾಗದ ಹಳೆಯ ಸಿಸ್ಟಂ, ಸೆಕೆಂಡಿಗೆ ಸಾವಿರಾರು ವಹಿವಾಟು, ಪ್ರತಿಯೊಂದಕ್ಕೂ ವಾಲ್ಟ್ ತನಕ ಹೋಗಿ ಬರುವಷ್ಟು ಸಮಯವಿಲ್ಲ ಎಂದಾದರೆ ಎಫ್‌ಎಫ್1. ಕೀಯನ್ನು ಎಚ್‌ಎಸ್‌ಎಂ ಎಂಬ ಪ್ರತ್ಯೇಕ ಭದ್ರತಾ ಯಂತ್ರದಲ್ಲೇ ಇಡಿ.

ಟೆಸ್ಟಿಂಗ್‌ಗೆ ಅಸಲಿ ಡೇಟಾದ ನಕಲು ಕೊಡುವ ಅಭ್ಯಾಸ ಇನ್ನೂ ಇದೆ, ಅದು ನಿಲ್ಲಬೇಕು. ಅಲ್ಲಿ ವಾಪಸ್ ಹೋಗುವ ಅಗತ್ಯವೇ ಇಲ್ಲ. ನಕಲು ಮಾಡುವಾಗ ತಾತ್ಕಾಲಿಕ ಜೋಡಿ ಪಟ್ಟಿ ಬಳಸಿ. ಗ್ರಾಹಕರ ಟೇಬಲ್‌ನಲ್ಲೂ ಆರ್ಡರ್ ಟೇಬಲ್‌ನಲ್ಲೂ ಒಬ್ಬರಿಗೆ ಒಂದೇ ರ‍್ಯಾಂಡಮ್ ನಂಬರ್ ಬೀಳುತ್ತದೆ, ಜೋಡಣೆ ಕೆಡುವುದಿಲ್ಲ. ಕೆಲಸ ಮುಗಿದ ಕೂಡಲೇ ಪಟ್ಟಿಯನ್ನು ಅಳಿಸಿ. ಹೆಸರು, ವಿಳಾಸ, ಹುಟ್ಟಿದ ದಿನ ಇವನ್ನೂ ಬದಲಿಸದಿದ್ದರೆ ನಂಬರ್ ಬದಲಿಸಿದ್ದು ವ್ಯರ್ಥ.

ಯಾವ ದಾರಿ ಹಿಡಿದರೂ ಟೋಕನ್ ಹಾಕುವುದು ಕಾಲಂಗೆ ಮಾತ್ರ. ನಂಬರ್ ಬೇರೆ ಕಡೆಯಿಂದಲೂ ಸೋರುತ್ತದೆ. ಟೋಕನ್ ಸರ್ವಿಸ್‌ಗೆ ಹೋದ ಕೋರಿಕೆ ಸೋತಾಗ, "ಈ ಕಾರ್ಡ್‌ಗೆ ಟೋಕನ್ ಸಿಗಲಿಲ್ಲ" ಎಂದು ಪೂರ್ತಿ ನಂಬರ್ ಸಹಿತ ಎರರ್ ಲಾಗ್‌ನಲ್ಲಿ ಬರೆಯುವ ಒಂದು ಸಾಲು ಕೋಡ್ ಸಾಕು. ಗ್ರಾಹಕರು ಚಾಟ್‌ನಲ್ಲಿ ತಾವೇ ಟೈಪ್ ಮಾಡಿದ ನಂಬರ್ ಇರುತ್ತದೆ. ಕರೆಗಳ ರೆಕಾರ್ಡಿಂಗ್ ಇರುತ್ತದೆ, ಯಾರೋ ತೆಗೆದುಕೊಂಡ ಎಕ್ಸೆಲ್ ಫೈಲ್ ಇರುತ್ತದೆ. ಹಾಗಾಗಿ ಟೆಸ್ಟ್ ಸಿಸ್ಟಂನಲ್ಲಿ ಒಂದು ಪರೀಕ್ಷಾ ಕಾರ್ಡ್ ನಂಬರನ್ನು ಮೊದಲಿಂದ ಕೊನೆವರೆಗೆ ಓಡಿಸಿ. ಪಾವತಿ, ರದ್ದು, ಮರುಪಾವತಿ, ಬೇಕೆಂದೇ ಬರಿಸಿದ ಎರರ್, ಎಲ್ಲ ಆಗಲಿ. ಆಮೇಲೆ ಅದೇ ನಂಬರನ್ನು ಲಾಗ್, ಕ್ಯೂ, ಕ್ಯಾಶ್, ಬ್ಯಾಕಪ್, ರಿಪೋರ್ಟ್ ಎಲ್ಲದರಲ್ಲೂ ಹುಡುಕಿ. ಅಂಕಿಗಳ ನಡುವೆ ಖಾಲಿ ಜಾಗ ಬಿಟ್ಟು ಒಮ್ಮೆ, ಅಡ್ಡಗೆರೆ ಹಾಕಿ ಇನ್ನೊಮ್ಮೆ ಹುಡುಕಿ. ಎಲ್ಲಿ ಸಿಗುತ್ತದೋ ಅಲ್ಲಿ ಮೊದಲು ಸರಿ ಮಾಡಿ, ನಂತರ ಮಾರುವವರ ಜೊತೆ ಮಾತಿಗೆ ಕೂರಿ.